ಕಾಫಿ ಸಿಪ್ಪೆಯ ಕಷಾಯದಲ್ಲಿ ಝಿಂಕ್ ಆಕ್ಸೈಡ್: ನನ್ನ ಅನುಭವ

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಇರುವ ತೋಟಗಳಲ್ಲೆಲ್ಲ ಅರೇಬಿಕಾ ಹಣ್ಣಿನ ಸಿಪ್ಪೆ ರಾಶಿ ಬೀಳುತ್ತದೆ. ಝಿಂಕ್ (ಸತು) ಆಕ್ಸೈಡ್‌ನ ನ್ಯಾನೊ ಪುಡಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿ ಮಾಡೋಕೆ ನಾನು ಬಳಸುವುದು ಅದನ್ನೇ. ಸಿಪ್ಪೆ ಬೇಗ ಹುಳಿಯುತ್ತದೆ, ತಂದ ದಿನವೇ ತೊಳೆದು ಕಣದಲ್ಲಿ ಹರಡಿಬಿಡಬೇಕು.

ಒಣ ಸಿಪ್ಪೆ 10 ಗ್ರಾಂ, ಡಿಸ್ಟಿಲ್ಡ್ ನೀರು 100 ಮಿಲಿ. 80 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಮೊದಲು ಬಟ್ಟೆಯಲ್ಲಿ, ಆಮೇಲೆ ಫಿಲ್ಟರ್ ಪೇಪರ್‌ನಲ್ಲಿ ಸೋಸುತ್ತೇನೆ. ಕಷಾಯದಲ್ಲಿರುವ ಕ್ಲೋರೊಜೆನಿಕ್ ಆಮ್ಲದಂಥ ಪಾಲಿಫಿನಾಲ್‌ಗಳು (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು) ಆಮೇಲೆ ಬೆರೆಸುವ ಸತುವಿನ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗದಂತೆ ನೋಡಿಕೊಳ್ಳುವುದೂ ಅವೇ.

ಹೀಗೆ ಸಿಪ್ಪೆಯ ಕಷಾಯದಲ್ಲಿ ಮಾಡುವುದನ್ನು ಪರಿಸರಸ್ನೇಹಿ ಅನ್ನುತ್ತಾರೆ. ಆದರೆ ಸಿಪ್ಪೆ ಹಾಕಿದ ಮಾತ್ರಕ್ಕೆ ಕೆಲಸ ಪರಿಸರಸ್ನೇಹಿ ಆಗಿಬಿಡಲ್ಲ. ಎಷ್ಟೋ ಜನ ಝಿಂಕ್ ನೈಟ್ರೇಟ್ ಬೆರೆಸಿದ ಕಷಾಯವನ್ನು ಬತ್ತಿಸಿ ನೇರ ಕುಲುಮೆಗೆ ಇಡುತ್ತಾರೆ. ಅದರಿಂದ ಏಳುವ ನೈಟ್ರೋಜನ್ ಆಕ್ಸೈಡ್ ಹೊಗೆ ಯಾವ ಲೆಕ್ಕಕ್ಕೆ, ಅಲ್ವಾ? ನಾನು ಝಿಂಕ್ ಅಸಿಟೇಟ್ ಹಾಕುತ್ತೇನೆ. 100 ಮಿಲಿ ನೀರಿಗೆ 2.2 ಗ್ರಾಂ, ಅಂದರೆ 0.1 ಮೋಲಾರ್. ಅದಕ್ಕೆ ಕಷಾಯ ಬೆರೆಸಿ, ಕಲಕುತ್ತಲೇ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಡುತ್ತೇನೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 10ರ ಆಸುಪಾಸಿನಲ್ಲಿ ನಿಲ್ಲಿಸಬೇಕು. ಕ್ಷಾರ ತೀರಾ ಜಾಸ್ತಿಯಾದರೆ ಕೆಳಗಿಳಿದದ್ದೆಲ್ಲ ಮತ್ತೆ ಕರಗೋಕೆ ಶುರುವಾಗುತ್ತದೆ.

ತಿಳಿಕಂದು ಗಸಿ ಕೂರುತ್ತದೆ. ಅದನ್ನು ತೊಳೆದು, ಒಣಗಿಸಿ, 400 ಡಿಗ್ರಿಯಲ್ಲಿ ಎರಡು ಗಂಟೆ ಸುಡುತ್ತೇನೆ. ಮೂಸೆ ಹೊರಗೆ ತೆಗೆದಾಗ ಪುಡಿ ಅರಿಶಿನ ಬೆರೆಸಿದ ಹಾಗೆ ಹಳದಿ. ಹೊಸ ಹುಡುಗರು ಕೆಟ್ಟುಹೋಯ್ತು ಅಂದುಕೊಳ್ಳುತ್ತಾರೆ. ಬಿಸಿ ಝಿಂಕ್ ಆಕ್ಸೈಡ್‌ನ ಬಣ್ಣವೇ ಅದು. ಸುಮ್ನೆ ನೋಡುತ್ತಿರಿ, ಅಂಚಿನಿಂದ ಒಳಕ್ಕೆ ಬೆಳ್ಳಗಾಗುತ್ತಾ ಬರುತ್ತದೆ. ಆರಿದ ಮೇಲೂ ಬೂದು ಬಣ್ಣ ಉಳಿದರೆ ಸಿಪ್ಪೆಯ ಇಂಗಾಲ ಪೂರ್ತಿ ಸುಟ್ಟಿಲ್ಲ ಅಂತ.

ಎಕ್ಸ್-ಕಿರಣ ಬಿಟ್ಟು ಹರಳಿನ ರಚನೆ ತಿಳಿಯುವ ಎಕ್ಸ್‌ಆರ್‌ಡಿ ಯಂತ್ರ ನಮ್ಮಲ್ಲಿಲ್ಲ, ಪುಡಿಯನ್ನು ಹೊರಗೆ ಕಳಿಸುತ್ತೇವೆ. 31.7, 34.4, 36.2 ಡಿಗ್ರಿ ಕೋನದಲ್ಲಿ ಗೆರೆ ಎದ್ದಿದ್ದರೆ ಸಾಕು, ಝಿಂಕ್ ಆಕ್ಸೈಡ್ ಅನ್ನೋದರಲ್ಲಿ ಅನುಮಾನವಿಲ್ಲ. ಗೆರೆ ಅಗಲವಾದಷ್ಟೂ ಹರಳು ಸಣ್ಣದು.

ಬಿಸಿಲಲ್ಲಿ ಈ ಪುಡಿ ನೀರಿನಲ್ಲಿರುವ ಬಣ್ಣವನ್ನು ಒಡೆಯುತ್ತದೆ, ಆ ಕೆಲಸದ ಪರೀಕ್ಷೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಮೇಲೆ. ಝಿಂಕ್ ಆಕ್ಸೈಡ್ ಒಂದು ಸೆಮಿಕಂಡಕ್ಟರ್, ಅದರ ಬ್ಯಾಂಡ್ ಗ್ಯಾಪ್ (ಬೆಳಕಿನಿಂದ ಅದು ಕೆಲಸಕ್ಕಿಳಿಯಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್, ಹಾಗಾಗಿ ಬಿಸಿಲಿನ ನೇರಳಾತೀತ ಭಾಗವಷ್ಟೇ ಇದಕ್ಕೆ ದಕ್ಕುತ್ತದೆ. ಜೂನ್, ಜುಲೈನಲ್ಲಿ ಮಡಿಕೇರಿ ಕಡೆ ಆ ಪರೀಕ್ಷೆಯ ಆಸೆ ಬಿಡಿ. ಫೆಬ್ರವರಿ ಬಿಸಿಲೇ ಸರಿ. ಪುಡಿ ಹಾಕದ ಬಣ್ಣದ ನೀರನ್ನೂ ಪಕ್ಕದಲ್ಲೇ ಇಡಿ, ಬಿಸಿಲಿಗೆ ಅದೂ ತಾನಾಗಿ ಸ್ವಲ್ಪ ಮಾಸುತ್ತದೆ. ಪುಡಿಯು ಬಣ್ಣವನ್ನು ಒಡೆಯದೆ ಬರೀ ಮೈಗೆ ಅಂಟಿಸಿಕೊಳ್ಳುವುದೂ ಉಂಟು, ಅದಕ್ಕೇ ಮೊದಲ ಅರ್ಧ ಗಂಟೆ ಕತ್ತಲಲ್ಲಿಟ್ಟು ಒಮ್ಮೆ ಅಳೆಯುತ್ತೇನೆ.

ಗಸಿ ತೊಳೆದ ನೀರನ್ನು ತೋಡಿಗೆ ಬಿಡಬೇಡಿ. ಸತು ಮೀನಿಗೆ ವಿಷ, ಇಲ್ಲಿನ ಎಷ್ಟೋ ತೋಡುಗಳು ಕಾವೇರಿಗೇ ಸೇರುತ್ತವೆ. ಪಿಎಚ್ 9ಕ್ಕೆ ತಂದು ರಾತ್ರಿಯಿಡೀ ಬಿಟ್ಟರೆ ಉಳಿದ ಸತುವೂ ತಳ ಸೇರುತ್ತದೆ. ಅದನ್ನು ಮುಂದಿನ ಗಸಿಯ ಜೊತೆ ಕುಲುಮೆಗೆ ಹಾಕುತ್ತೇನೆ.