ಸ್ಲೇಟು ಅಟ್ಟಕ್ಕೆ ಹಾಕಿದ ಮೇಲೆ ನಮ್ಮ ಶಿಶುವಿಹಾರ

ಮೂರು ವರ್ಷದ ಮಕ್ಕಳ ಕೈಗೆ ಬಳಪ ಕೊಡಲ್ಲ ಅಂದಾಗ ಮಂಡ್ಯದಲ್ಲಿ ನನ್ನ ಮಾತು ಒಪ್ಪಿದವರು ಒಬ್ಬರೂ ಇರಲಿಲ್ಲ. ನಮ್ಮ ಮನೆಯವರೇ, "ಬರೆಸದೆ ಫೀಸು ಹೆಂಗೆ ಕೇಳ್ತೀಯ?" ಅಂದರು. ಇದು ಐದನೇ ವರ್ಷ. 34 ಮಕ್ಕಳಿದ್ದಾರೆ. ಜಾಗ ಸಾಲದೆ ಏಳೆಂಟು ಜನರನ್ನು ವಾಪಸು ಕಳಿಸಿದ್ದೇನೆ.

ಮೊದಲ ವರ್ಷ ನಾನೂ ಎಲ್ಲರ ಹಾಗೇ ನಡೆಸಿದೆ. ಮನೆಗೆ ಅಡ್ವಾನ್ಸ್ 60 ಸಾವಿರ, ಬಾಡಿಗೆ 8 ಸಾವಿರ ಚಿಲ್ಲರೆ, ಬೆಂಗಳೂರಿಂದ ತಂದ ಪ್ಲಾಸ್ಟಿಕ್ ಸಾಮಾನಿಗೆ ಸುಮಾರು 18 ಸಾವಿರ. ದೀಪಾವಳಿ ಹೊತ್ತಿಗೆ ಅರ್ಧ ಸಾಮಾನು ಗುಜರಿ ಸೇರಿತ್ತು. ಮಕ್ಕಳು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಿದ್ದರು. ಎರಡು ಸಾಲು ತಿದ್ದುವಷ್ಟರಲ್ಲಿ ಕೈ ಸೋತು ಅಳು. ಹನ್ನೊಂದು ಮಕ್ಕಳಿದ್ದದ್ದು ಸಂಕ್ರಾಂತಿಗೆ ಆರಾಯಿತು. ಒಂದೂವರೆ ಲಕ್ಷ ಕೈಬಿಟ್ಟು, ಬಳೆ ಅಡ ಇಟ್ಟೆ.

ದಾರಿ ತೋರಿಸಿದ್ದು ನಮ್ಮತ್ತೆ. ಒಂದು ದಿನ ಅಳು ನಿಲ್ಲಿಸದ ಹುಡುಗನನ್ನು ಒಳಗೆ ಕರೆದುಕೊಂಡು ಹೋದೆ. ಅತ್ತೆ ರಾಗಿ ಹಸನು ಮಾಡುತ್ತಿದ್ದರು. ಸುಮ್ನೆ ಅವನ ಕೈಗೆ ಒಂದು ಪಾವು, ಅಂದರೆ ಕಾಲು ಸೇರಿನ ಅಳತೆ ಪಾತ್ರೆ ಕೊಟ್ಟರು. ಅರ್ಧ ಗಂಟೆ ತುಂಬುವುದು, ಸುರಿಯುವುದು. ಅಳುವಿನ ನೆನಪೇ ಇಲ್ಲ.

ಮಾರನೆಯ ವಾರ ಚಟಾಕು, ಪಾವು, ಎರಡು ಪಾವು ಹಿಡಿಯುವ ಅಚ್ಚೇರು, ಸೇರು ಎಲ್ಲಾ ಹೊರಗೆ ಬಂದವು. ನಾಲ್ಕು ಹರಿವಾಣ, 20 ಕಿಲೋ ರಾಗಿ. ಮೂರು ತುಂಬಿ ಎರಡು ತಿಂಗಳಾದ ಹುಡುಗಿಯೊಬ್ಬಳು ನಾಲಿಗೆ ತುದಿ ಹೊರಗೆ ಹಾಕಿಕೊಂಡು ಅಚ್ಚೇರಿಗೆ ಪಾವಿನಿಂದ ಸುರಿಯುತ್ತಿದ್ದಳು. ಮೂರನೇ ಪಾವಿಗೆ ಚೆಲ್ಲಿತು. ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಎಲ್ಲಾ ಬರಿದು ಮಾಡಿ ಮತ್ತೆ ಹಾಕಿದಳು. ಎರಡನೆಯದಕ್ಕೆ ಕೈ ತಡೆದು "ಎಲ್ಡು" ಅಂದಳು. ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು.

ಇದರಲ್ಲೂ ಪೆಟ್ಟು ತಿಂದೆ. ರಾಗಿ ಜೊತೆ ಕಡಲೆಕಾಳು ಇಟ್ಟಿದ್ದೆ. ಒಬ್ಬ ಮೂಗಿಗೆ ತುರುಕಿಕೊಂಡ, ಆಸ್ಪತ್ರೆಗೆ ಓಡಿದೆವು. ಅವತ್ತಿಂದ ಕಾಳು ಬಂದ್. ರಾಗಿ ಹತ್ತಿರವೂ ಯಾವಾಗಲೂ ಒಬ್ಬರು ಕೂತಿರಲೇಬೇಕು. ಅಜ್ಜಿಯಂದಿರ ತಕರಾರು ಬೇರೆ: "ತಿನ್ನೋ ರಾಗೀನ ಕಾಲಡಿ ಚೆಲ್ಲಿಸ್ತೀರಲ್ಲಮ್ಮ." ಅವರು ಹೇಳಿದ್ದು ಸರಿಯೇ. ಕೆಳಗೆ ಹಳೇ ಸೀರೆ ಹಾಸಿದೆ. ಚೆಲ್ಲಿದ್ದನ್ನು ಮಕ್ಕಳೇ ಗುಡ್ಡೆ ಮಾಡಿ ತಾರಸಿ ಮೇಲೆ ಗುಬ್ಬಿ, ಪಾರಿವಾಳಕ್ಕೆ ಹಾಕುತ್ತಾರೆ. ಹುಳ ಹಿಡಿಯದ ಹಾಗೆ ಶನಿವಾರ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಡುತ್ತೇನೆ.

ನಡುವೆ ಒಂದು ವಾರ ಅಂಗನವಾಡಿಯಲ್ಲಿ ಹೋಗಿ ಕೂತಿದ್ದೆ. ನಮ್ಮ ಪಕ್ಕದ ತಿ. ನರಸೀಪುರದಲ್ಲಿ 1975ರಲ್ಲೇ ಶುರುವಾದ ಕೆಲಸ ಅದು. ಪ್ಲೇಹೋಮ್‌ನವರು ನಾವು ಅವರನ್ನು ಕೀಳಾಗಿ ನೋಡುತ್ತೇವೆ, ಅಲ್ವಾ? ಹಾಡು, ಕಥೆ, ಅಭಿನಯದಲ್ಲಿ ಆ ಟೀಚರಮ್ಮ ಮಕ್ಕಳನ್ನು ಕೂರಿಸುತ್ತಿದ್ದ ರೀತಿ ನನಗೆ ಇವತ್ತಿಗೂ ಬಂದಿಲ್ಲ. ಚನ್ನಪಟ್ಟಣದ ಮರದ ಮಣಿ, ಬುಗುರಿಗೆ 6 ಸಾವಿರ ಹಾಕಿದೆ, ನಾಲ್ಕು ವರ್ಷ ಆದರೂ ಅರಗಿನ ಬಣ್ಣ ಹಾಗೇ ಇದೆ. ಆಲೆಮನೆಗೆ ಕರೆದುಕೊಂಡು ಹೋದದ್ದು ಮಾತ್ರ ತಪ್ಪು. ಕುದಿಯುವ ಕೊಪ್ಪರಿಗೆ ಹತ್ತಿರ ಆ ವಯಸ್ಸಿನ ಮಕ್ಕಳು ಬೇಡವೇ ಬೇಡ.

ಕೈ ಗಟ್ಟಿಯಾಗಲು ಒದ್ದೆ ಬಟ್ಟೆ ಹಿಂಡಿಸುತ್ತೇನೆ, ಹಿಟ್ಟು ನಾದಿಸುತ್ತೇನೆ. ಹಿಟ್ಟಿಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ನಾಲ್ಕು ತುಂಬಿದ ಮೇಲೆ ಬಳಪ ಕೊಟ್ಟರೆ, ಹೆಚ್ಚಿನವರು ಮೂರೇ ವಾರಕ್ಕೆ ಮೂರು ಬೆರಳಲ್ಲಿ ಹಿಡಿಯುತ್ತಾರೆ. ಒಂದನೇ ತರಗತಿಗೆ ಹೇಗೂ ಆರರ ಹತ್ತಿರ ಬರಬೇಕು, ಇಷ್ಟು ಅವಸರ ಯಾಕೆ? ಮೊದಲ ವರ್ಷ ಬಿಟ್ಟು ಹೋಗಿದ್ದ ಒಬ್ಬ ಅಪ್ಪ ಈಗ ಎರಡನೇ ಮಗುವನ್ನು ಇಲ್ಲೇ ಸೇರಿಸಿದ್ದಾರೆ.

ಫೀಸು ತಿಂಗಳಿಗೆ 1,500. ಬಾಡಿಗೆ, ಇಬ್ಬರು ಟೀಚರು, ಆಯಾ ಸಂಬಳ ಕಳೆದು 12-13 ಸಾವಿರ ಉಳಿಯುತ್ತದೆ. ಹೋದ ವರ್ಷ ಬಳೆ ಬಿಡಿಸಿಕೊಂಡೆ. ಜೂನ್ ಒಳಗೆ ಇನ್ನೊಂದು ಸೇರು ಹುಡುಕಬೇಕು, ಅತ್ತೆಯದರ ಬಾಯಿ ನೆಗ್ಗಿದೆ.