ಫ್ರೆಂಚ್ ಸೈನಿಕನಾಗಿದ್ದ ಮುತ್ತಜ್ಜನನ್ನು ಹುಡುಕಿದ್ದು ಹೀಗೆ

ಅಮ್ಮನ ಅಮ್ಮನ ತವರು ಪುದುಚೇರಿ. ಅಜ್ಜಿ ಮದುವೆಯಾಗಿ ಬೆಂಗಳೂರಿಗೆ ಬಂದರು, ನಾವೆಲ್ಲ ಕನ್ನಡದಲ್ಲೇ ಬೆಳೆದೆವು. ಅಜ್ಜಿಯ ಅಪ್ಪ ಫ್ರೆಂಚರ ಸೈನ್ಯ ಸೇರಿ, ಆಗ ಫ್ರೆಂಚರ ಕೈಯಲ್ಲಿದ್ದ ವಿಯೆಟ್ನಾಂನ ಸೈಗಾನ್‌ಗೆ ಹೋಗಿದ್ದರು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಪುದುಚೇರಿಯಲ್ಲಿ ಇಂಥ ಮನೆಯವರನ್ನು ‘ಸೊಲ್ದಾ’ಗಳು ಅಂತಾರೆ. ಅದಕ್ಕಿಂತ ಜಾಸ್ತಿ ಯಾರೂ ಹೇಳಿರಲಿಲ್ಲ.

ಹೆಚ್ಚಿನವರು ಸೈನ್ಯದ ದಾಖಲೆಯಿಂದ ಶುರು ಮಾಡುತ್ತಾರೆ. ನಾನು ಜನನ, ಮದುವೆ, ಮರಣದ ದಾಖಲೆಗಳಿಂದ ಶುರು ಮಾಡಿದೆ. ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ, ಯಾಕಂದ್ರೆ ಮೊದಲು ಎದುರಾಗುವುದೇ ಹೆಸರಿನ ತೊಡಕು. 1881ರ ಸೆಪ್ಟೆಂಬರ್ 21ರ ಆದೇಶದಂತೆ ಫ್ರೆಂಚ್ ಭಾರತದ ಜನ ತಮ್ಮ ಜಾತಿ, ಧರ್ಮದ ಕಟ್ಟಳೆ ಬಿಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಸೇರಬಹುದಿತ್ತು. ಹಾಗೆ ಸೇರಿದವರನ್ನು ‘ರೆನೊನ್ಸಾಂ’ ಅಂತ ಕರೆದರು. ಅವರು ಒಂದು ಮನೆತನದ ಹೆಸರು ಆರಿಸಿಕೊಳ್ಳಬೇಕಿತ್ತು. ಹೀಗಾಗಿ ಅಪ್ಪನ ಕಾಲಕ್ಕೆ ಬರೀ ತಮಿಳು ಹೆಸರು, ಮಗನ ಕಾಲಕ್ಕೆ ಫ್ರೆಂಚ್ ಹೆಸರು. ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿದ್ದು ಬೇರೆ. ಒಂದೇ ಹೆಸರನ್ನು ಎಷ್ಟು ಥರ ಬರೆದಿರಬಹುದು ಅಂತ ಪಟ್ಟಿ ಮಾಡಿಟ್ಟುಕೊಂಡೆ. ಅದು ಕೊನೆಯವರೆಗೂ ಕೈಹಿಡಿಯಿತು.

ಪುದುಚೇರಿಯ ಸೋದರಮಾವನ ಮನೆಯಲ್ಲಿ ಮುತ್ತಜ್ಜನ ‘ಲಿವ್ರೆ ದ ಫಾಮೀಯ್’ ಸಿಕ್ಕಿತು. ಮದುವೆಯಾದ ದಂಪತಿಗೆ ಫ್ರೆಂಚ್ ಸರ್ಕಾರ ಕೊಡುವ ಕುಟುಂಬದ ಪುಸ್ತಕ ಅದು. ಮದುವೆಯ ದಿನ, ಊರು, ಹುಟ್ಟಿದ ಮಕ್ಕಳು, ಎಲ್ಲವೂ ಅದರಲ್ಲಿದ್ದವು. ಮದುವೆ ಆಗಿದ್ದು ಸೈಗಾನ್‌ನಲ್ಲಿ!

ಅಲ್ಲಿಂದ ದಾರಿ ಸಲೀಸಾಯಿತು. ಫ್ರಾನ್ಸಿನ ಏಕ್ಸ್-ಆನ್-ಪ್ರೊವಾನ್ಸ್ ಊರಿನಲ್ಲಿ ವಸಾಹತುಗಳ ದಾಖಲೆಗಳ ರಾಷ್ಟ್ರೀಯ ಭಂಡಾರ ಇದೆ. ಎಲ್ಲರೂ ಆನೋಮ್ ಅಂತಾರೆ. ಪುದುಚೇರಿ, ಕಾರೈಕಲ್, ಮಾಹೆ, ಯಾನಂ, ಚಂದ್ರನಗರದ ಹಳೆಯ ರಿಜಿಸ್ಟರ್‌ಗಳನ್ನು ಅದರ ಜಾಲತಾಣದಲ್ಲಿ ದುಡ್ಡು ಕೊಡದೆ ನೋಡಬಹುದು. ಸೈಗಾನ್‌ನವೂ ಇವೆ. ಹೆಸರು ಟೈಪ್ ಮಾಡಿದರೆ ಸಿಗುತ್ತದೆ ಅಂದುಕೊಳ್ಳಬೇಡಿ. ಊರು, ವರ್ಷ ಆರಿಸಿ ಪುಟ ತಿರುಗಿಸಬೇಕು. ರಿಜಿಸ್ಟರಿನ ಕೊನೆಯಲ್ಲಿ ಹೆಸರುಗಳ ಅಕಾರಾದಿ ಪಟ್ಟಿ ಇದ್ದರೆ ಕೆಲಸ ಬೇಗ ಮುಗಿಯುತ್ತದೆ.

ಸೈನ್ಯದ ಕಡತಕ್ಕಿಂತ ಮದುವೆ ದಾಖಲೆಯೇ ಜಾಸ್ತಿ ಮಾತಾಡುತ್ತದೆ ಅಂತ ನನಗೆ ಅನಿಸಿದ್ದು ಇಲ್ಲೇ. ಮುತ್ತಜ್ಜ ಯಾವ ರೆಜಿಮೆಂಟು, ಅಪ್ಪ ಅಮ್ಮ ಯಾರು, ಅವರು ಬದುಕಿದ್ದಾರೋ ಇಲ್ಲವೋ, ಸಾಕ್ಷಿಗಳ ವಯಸ್ಸೇನು, ಕಸುಬೇನು. ಸಾಕ್ಷಿ ಹಾಕಿದವರಲ್ಲಿ ಇಬ್ಬರು ಪುದುಚೇರಿಯ ಸೈನಿಕರೇ. ಸಮುದ್ರದಾಚೆ ಮುತ್ತಜ್ಜನಿಗೆ ತಮ್ಮೂರಿನವರಿದ್ದರು, ಸುಮ್ನೆ ಒಂಟಿಯಾಗಿ ಕಾಲ ಕಳೆದವರಲ್ಲ ಅಂತ ಓದಿ ಕಣ್ಣು ತುಂಬಿ ಬಂತು. ಜನನ ದಾಖಲೆಯ ಅಂಚನ್ನೂ ಬಿಡದೆ ಓದಿ. 1897ರಿಂದ ಅಲ್ಲಿ ಮದುವೆಯ ಟಿಪ್ಪಣಿ, 1945ರಿಂದ ಮರಣದ ಟಿಪ್ಪಣಿ ಸೇರಿಸುವ ಪದ್ಧತಿ ಬಂತು.

ಹುಟ್ಟಿದ ವರ್ಷ ಸಿಕ್ಕರೆ ಸೈನ್ಯದ ‘ಕ್ಲಾಸ್’ ಸಿಕ್ಕ ಹಾಗೆ. 20 ವರ್ಷ ತುಂಬುವ ವರ್ಷವೇ ಕ್ಲಾಸ್. 1894ರಲ್ಲಿ ಹುಟ್ಟಿದವರು 1914ರ ಕ್ಲಾಸ್. ಸೇನಾ ಭರ್ತಿಯ ರಿಜಿಸ್ಟರ್ ಹುಡುಕಲು ಈ ವರ್ಷ ಬೇಕೇ ಬೇಕು. ಅದರಲ್ಲಿ ಎತ್ತರ, ಕೂದಲ ಬಣ್ಣ, ಭಾಗವಹಿಸಿದ ದಂಡಯಾತ್ರೆ ಇರುತ್ತವೆ. ವಿದ್ಯೆಗೂ ಅಂಕಿ ಹಾಕುತ್ತಿದ್ದರು: 0 ಅಂದರೆ ಓದು ಬರಹ ಬಾರದು, 3 ಅಂದರೆ ಓದು, ಬರಹ, ಲೆಕ್ಕ ಮೂರೂ ಬರುತ್ತದೆ.

ಫ್ರೆಂಚ್ ರಕ್ಷಣಾ ಇಲಾಖೆಯ ‘ಮೆಮ್ವಾರ್ ದೆಝೋಮ್’ ತಾಣದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ 13 ಲಕ್ಷಕ್ಕೂ ಹೆಚ್ಚು ಜನರ ಚೀಟಿಗಳಿವೆ. ಯುದ್ಧದಿಂದ ಮರಳಿದ ಮುತ್ತಜ್ಜ ಅಲ್ಲಿ ಇರುವ ಹಾಗಿಲ್ಲ. ಆದರೂ ಮನೆತನದ ಹೆಸರು ಹಾಕಿ ನೋಡಿದೆ. ಅದೇ ಅಪ್ಪನ ಇನ್ನೊಬ್ಬ ಮಗ ಸಿಕ್ಕಿದರು! ಫ್ರಾನ್ಸಿನ ಆಸ್ಪತ್ರೆಯಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು. ಮುತ್ತಜ್ಜನಿಗೆ ಅಣ್ಣ ಇದ್ದದ್ದೇ ನಮಗೆ ಗೊತ್ತಿರಲಿಲ್ಲ. ಪುದುಚೇರಿಯ ಬೀಚ್ ರಸ್ತೆಯಲ್ಲಿ 1938ರಲ್ಲಿ ಉದ್ಘಾಟನೆಯಾದ ಯುದ್ಧ ಸ್ಮಾರಕದ ಮುಂದೆ ಚಿಕ್ಕಂದಿನಿಂದ ಓಡಾಡಿದ್ದೇವೆ. ಅದು ನಮ್ಮ ಮನೆಯವರಿಗೂ ಸೇರಿದ್ದು ಅಂತ ಯಾರು ಹೇಳಬೇಕಿತ್ತು?

ಈಗ ಹುಡುಕುತ್ತಿರುವುದು ಅಜ್ಜಿಯ ತಮ್ಮನ ಮಕ್ಕಳನ್ನು. ಫ್ರಾನ್ಸ್ ಪುದುಚೇರಿಯನ್ನು ಭಾರತಕ್ಕೆ ಬಿಟ್ಟುಕೊಟ್ಟ ಒಪ್ಪಂದ 1962ರ ಆಗಸ್ಟ್ 16ರಂದು ಜಾರಿಗೆ ಬಂದಾಗ, ಫ್ರೆಂಚ್ ಪೌರತ್ವ ಉಳಿಸಿಕೊಳ್ಳಲು 6 ತಿಂಗಳ ಗಡುವು ಕೊಟ್ಟಿದ್ದರು. ಅಜ್ಜಿಯ ತಮ್ಮ ಅದನ್ನು ಉಳಿಸಿಕೊಂಡರು ಅಂತ ಸೋದರಮಾವ ಹೇಳುತ್ತಾರೆ. ಹೊರದೇಶದಲ್ಲಿ ಹುಟ್ಟಿದ ಫ್ರೆಂಚ್ ಪ್ರಜೆಗಳ ದಾಖಲೆ ಫ್ರಾನ್ಸಿನ ನಾಂತ್ ಊರಿನ ಕಚೇರಿಯಲ್ಲಿ ಇರುತ್ತದೆ. ಅಲ್ಲಿಗೆ ಕಾಗದ ಬರೆದಿದ್ದೇನೆ.