ಮದುವೆ ಊಟದಲ್ಲಿ ಮೀಸಲಾತಿ ಜಗಳ ಎದ್ದರೆ ಏನು ಮಾಡಬೇಕು

ಸಿಇಟಿ ರ‍್ಯಾಂಕ್ ಬಂದ ವಾರ ಯಾರದಾದರೂ ಮದುವೆಗೆ ಹೋಗಿ ನೋಡಿ. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಯಾರೋ ಒಬ್ಬರು ಶುರು ಮಾಡಿರುತ್ತಾರೆ: "ನಮ್ಮ ಹುಡುಗನಿಗೆ ಅಷ್ಟು ಒಳ್ಳೆ ರ‍್ಯಾಂಕ್ ಬಂದರೂ ಸೀಟಿಲ್ಲ, ಎಲ್ಲಾ ಕೋಟಾದವರು ಹೊಡ್ಕೊಂಡು ಹೋದ್ರು." ಅನ್ನ ಸಾರು ಬರುವ ಹೊತ್ತಿಗೆ ಅಂಬೇಡ್ಕರ್, ಹತ್ತು ವರ್ಷ, ಮೆರಿಟ್, ಅಮೆರಿಕ ಎಲ್ಲಾ ಒಂದು ಸುತ್ತು ಬಂದು ಹೋಗಿರುತ್ತವೆ. ನಾನು ಮೀಸಲಾತಿ ಬೇಕು ಅನ್ನುವ ಕಡೆಯವನು. ಇಂಥ ಜಗಳ ಬೇಕಾದಷ್ಟು ಆಡಿ, ಅರ್ಧಕ್ಕರ್ಧ ಸೋತು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನೀವು ಬೇಡ ಅನ್ನುವವರಾದರೂ ಓದಿ, ಲೆಕ್ಕ ಇಬ್ಬರಿಗೂ ಒಂದೇ.

ಬಾಯಿ ತೆರೆಯುವ ಮುಂಚೆ ನಿಮ್ಮ ಮನೆಯ ಬೀರು ತೆರೆಯಿರಿ. ಅಲ್ಲೊಂದು ಫೈಲಿರುತ್ತದೆ, ಅದರಲ್ಲಿ ನಾಡಕಚೇರಿಯಿಂದ ತಂದ ಜಾತಿ, ಆದಾಯ ಸರ್ಟಿಫಿಕೇಟ್ ಇರುತ್ತದೆ. ಅದರ ಮೇಲೆ ಏನು ಬರೆದಿದೆ ನೋಡಿ. ನನ್ನದರ ಮೇಲೆ 3ಬಿ ಅಂತಿತ್ತು. ಕಾಲೇಜಿನ ಎರಡು ವರ್ಷ "ರಿಸರ್ವೇಶನ್‌ನವರು" ಅಂತ ಬೇರೆಯವರನ್ನು ಆಡಿಕೊಂಡು ತಿರುಗಿದವನು ನಾನೇ, ನನಗೆ ಸೀಟು ಸಿಕ್ಕಿದ್ದು ಯಾವ ಸಾಲಿನಲ್ಲಿ ಅಂತ ಗೊತ್ತಾದದ್ದು ಆಮೇಲೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಕರ್ನಾಟಕದಲ್ಲಿ ಈ ಪಟ್ಟಿ ತುಂಬಾ ಉದ್ದ. ಹಿಂದುಳಿದವರ ಪಾಲು 32 ಪರ್ಸೆಂಟ್: ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಎಸ್‌ಸಿಗೆ 15, ಎಸ್‌ಟಿಗೆ 3 ಇದ್ದಾಗ ಎಲ್ಲಾ ಸೇರಿ ಸರಿಯಾಗಿ 50 ಆಗುತ್ತಿತ್ತು. 2022ರಲ್ಲಿ ಸರ್ಕಾರ ಎಸ್‌ಸಿಗೆ 17, ಎಸ್‌ಟಿಗೆ 7 ಅಂತ ಏರಿಸಿತು, ಮೊತ್ತ 56ಕ್ಕೆ ಹೋಯಿತು, ಸುಪ್ರೀಂ ಕೋರ್ಟ್ ಹಾಕಿದ 50ರ ಮಿತಿ ದಾಟಿದ್ದು ಕೋರ್ಟಿನ ತಕರಾರಿಗೂ ಹೋಯಿತು. ಹಾಗಾಗಿ ವಾದಕ್ಕೆ ಕೂರುವ ಮುಂಚೆ ಆ ವರ್ಷದ ಆದೇಶ ಒಮ್ಮೆ ನೋಡಿಕೊಳ್ಳಿ. ಒಕ್ಕಲಿಗರು 3ಎ, ಲಿಂಗಾಯತರಲ್ಲಿ ಬಹಳಷ್ಟು ಜನ 3ಬಿ. ಅಂದರೆ ಆ ಪಂಕ್ತಿಯಲ್ಲಿ ಕೂತು ಕೋಟಾ ಬೈಯುವವರಲ್ಲಿ ಹೆಚ್ಚಿನವರು ಯಾವುದೋ ಒಂದು ಕೋಟಾದೊಳಗೇ ಇರುತ್ತಾರೆ.

ಜಾತಿಗೆ ಸಂಬಂಧವೇ ಇಲ್ಲದ ಕೋಟಾಗಳೂ ಇವೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ 15, ಕನ್ನಡ ಮಾಧ್ಯಮದವರಿಗೆ 5, ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಸಂವಿಧಾನದ 371ಜೆ ವಿಧಿಯ ಕೋಟಾ. ಸೈನಿಕರ ಮಕ್ಕಳು, ಎನ್‌ಸಿಸಿ, ಕ್ರೀಡೆ ಬೇರೆ. ನಮ್ಮ ದೊಡ್ಡಪ್ಪ ಮೀಸಲಾತಿ ಅಂದರೆ ಉರಿದು ಬೀಳುತ್ತಾರೆ, ಅವರ ಮಗ ಇಂಜಿನಿಯರಿಂಗ್ ಸೇರಿದ್ದು ಗ್ರಾಮೀಣ ಕೋಟಾದಲ್ಲಿ. "ಅದು ಬೇರೆ ಕಣೋ, ಅವನು ಕಷ್ಟಪಟ್ಟು ಓದಿದ್ದ" ಅಂತಾರೆ. ಇಂಥ ಮಾತು ಬಂದಾಗ ನಗಬೇಡಿ. "ಹೌದು ದೊಡ್ಡಪ್ಪ, ಹಳ್ಳಿ ಶಾಲೆಯಲ್ಲಿ ಓದಿದವನಿಗೆ ಸಿಟಿ ಹುಡುಗರ ಜೊತೆ ಓಡೋದು ಕಷ್ಟ ಅಂತಾನೇ ಅಲ್ವಾ ಕೊಟ್ಟಿದ್ದು" ಅಂತ ಒಂದು ಮಾತು ಹಾಕಿ ಸುಮ್ಮನಿರಿ. ಉಳಿದದ್ದನ್ನು ಅವರೇ ಯೋಚಿಸಲಿ. ನನ್ನ ಅನುಭವದಲ್ಲಿ ಇಷ್ಟು ಕೆಲಸ ಮಾಡಿದ ವಾಕ್ಯ ಇನ್ನೊಂದಿಲ್ಲ.

ಆಮೇಲೆ ಫೋನ್ ತೆಗೆದು, ಸಿಇಟಿ ನಡೆಸುವ ಕೆಇಎದ ಕಟ್‌-ಆಫ್ ಪಟ್ಟಿ (ಯಾವ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಅನ್ನುವುದು) ತೋರಿಸಿ. ಜಿಎಂ ಅಂದರೆ ಜನರಲ್ ಮೆರಿಟ್, ಜಿಎಂಕೆ ಅಂದರೆ ಅದರಲ್ಲೇ ಕನ್ನಡ ಮಾಧ್ಯಮ, ಜಿಎಂಆರ್ ಗ್ರಾಮೀಣ. ಅದೇ ಥರ 2ಎಜಿ, 2ಎಕೆ, 2ಎಆರ್. ಎಲ್ಲರೂ ಬಯಸುವ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸಾಲು ನೋಡಿದರೆ 3ಎ, 3ಬಿ ರ‍್ಯಾಂಕ್ ಬಹಳ ಸಲ ಜಿಎಂ ಪಕ್ಕದಲ್ಲೇ ಇರುತ್ತದೆ. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಿ, ಬಹಳ ಜನಕ್ಕೆ ಗೊತ್ತಿಲ್ಲ: ಜಿಎಂ ಅನ್ನೋದು "ಮೇಲ್ಜಾತಿ ಕೋಟಾ" ಅಲ್ಲ. ಅದು ಎಲ್ಲರಿಗೂ ತೆರೆದ ಸೀಟು. ಎಸ್‌ಸಿ ಹುಡುಗಿಗೆ ಒಳ್ಳೆ ರ‍್ಯಾಂಕ್ ಬಂದರೆ ಅವಳು ಜಿಎಂನಲ್ಲೇ ಸೀಟು ತಗೊಳ್ಳಬಹುದು, ಆಗ ಅವಳನ್ನು ಕೋಟಾ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹತ್ತು ವರ್ಷದ ಮಾತು ಬಂದೇ ಬರುತ್ತದೆ. "ಅಂಬೇಡ್ಕರ್ ಹತ್ತೇ ವರ್ಷ ಅಂದಿದ್ರು." ಆ ಹತ್ತು ವರ್ಷ ಇರುವುದು ಸಂವಿಧಾನದ 334ನೇ ವಿಧಿಯಲ್ಲಿ, ಅದು ಲೋಕಸಭೆ, ವಿಧಾನಸಭೆಯ ಮೀಸಲು ಕ್ಷೇತ್ರಗಳಿಗೆ. ಹತ್ತತ್ತು ವರ್ಷಕ್ಕೆ ಎಳೆದುಕೊಂಡು ಬಂದು ಈಗ 2030ರವರೆಗೆ ಇದೆ. ಕಾಲೇಜು, ಕೆಲಸದ ಮೀಸಲಾತಿಗೆ ಅಂಥ ಗಡುವನ್ನು ಸಂವಿಧಾನ ಇಟ್ಟೇ ಇಲ್ಲ. ಇಷ್ಟು ಹೇಳಿ ಮುಂದೆ ಹೋಗಿ, ಎಳೆದಾಡಬೇಡಿ.

ಮೆರಿಟ್ ಪ್ರಶ್ನೆಗೆ ಮಾತ್ರ ಟೈಮ್ ಕೊಡಿ, ಯಾಕಂದರೆ ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ, ಹಳೆಯದು. 1918ರಲ್ಲಿ ನಾಲ್ವಡಿಯವರು ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರ ಪಾಲಿನ ಬಗ್ಗೆ ಮಿಲ್ಲರ್ ಸಮಿತಿ ಮಾಡಿದಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಆಕ್ಷೇಪವೂ ಇದೇ ಆಗಿತ್ತು. ನೂರು ವರ್ಷದಿಂದ ಮೈಸೂರಿನವರು ಆಡುತ್ತಿರುವ ಜಗಳ ಇದು! "ಕೋಟಾ ಡಾಕ್ಟರ್ ಹತ್ರ ಹೋಗ್ತೀಯಾ?" ಅಂತ ಕೇಳಿದರೆ, ಸೇರುವಾಗ ರ‍್ಯಾಂಕ್ ಬೇರೆ ಇರಬಹುದು, ಪಾಸಾಗುವ ಎಂಬಿಬಿಎಸ್ ಪರೀಕ್ಷೆ ಎಲ್ಲರಿಗೂ ಒಂದೇ ಅನ್ನಿ. 2023ರಲ್ಲಿ ನೀಟ್ ಪಿಜಿ ಕಟ್‌-ಆಫ್ ಪರ್ಸೆಂಟೈಲನ್ನು ಎಲ್ಲಾ ಕೆಟಗರಿಗೂ ಸೊನ್ನೆಗೆ ಇಳಿಸಿದರು, ಆಗ ನಮ್ಮ ಪಂಕ್ತಿಯಲ್ಲಿ ಯಾರೂ ಮೆರಿಟ್ ಅನ್ನಲಿಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಕಟ್ಟಿದವರ ಮಗನ ಬಗ್ಗೆಯೂ ಅನ್ನುವುದಿಲ್ಲ. ಅಶ್ವಿನಿ ದೇಶಪಾಂಡೆ, ಥಾಮಸ್ ವೈಸ್ಕಾಫ್ ಅನ್ನುವ ಅರ್ಥಶಾಸ್ತ್ರಜ್ಞರು ರೈಲ್ವೆಯ ಲೆಕ್ಕ ತೆಗೆದು ನೋಡಿದ್ದರು, ಮೀಸಲಾತಿಯಿಂದ ಕೆಲಸ ಕೆಟ್ಟಿದ್ದಕ್ಕೆ ಪುರಾವೆ ಸಿಗಲಿಲ್ಲ. ಖಾಸಗಿ ಕಂಪನಿಗಳಲ್ಲಂತೂ ಜಾತಿ ಕೋಟಾ ಇಲ್ಲ. ಅಲ್ಲಿ ಏನಾಗುತ್ತದೆ ಅಂತ ನೋಡಲು ಸುಖದೇವ ಥೋರಟ್ ಮತ್ತು ಪಾಲ್ ಆಟೆವೆಲ್ ಒಂದೇ ಥರದ ಅರ್ಜಿಗಳನ್ನು ಬೇರೆ ಬೇರೆ ಅಡ್ಡಹೆಸರಲ್ಲಿ ಕಳಿಸಿದ್ದರು. 2007ರಲ್ಲಿ ಬಂದ ಅವರ ಬರಹದಲ್ಲಿ ದಲಿತ, ಮುಸ್ಲಿಂ ಹೆಸರಿನವರಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು.

ಇನ್ನು ಎಲ್ಲಿ ಸೋಲಬೇಕು ಅನ್ನುವುದು. ಎಲ್ಲದಕ್ಕೂ ಉತ್ತರ ಇದೆ ಅಂತ ಹೊರಟರೆ ಕೇಳುವವರಿಗೆ ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ. "ಸಿಗೋರಿಗೇ ಸಿಗ್ತಾ ಇದೆ, ಇಲ್ಲದವರಿಗೆ ತಲುಪಿಲ್ಲ" ಅಂದರೆ ತಕ್ಷಣ ಒಪ್ಪಿಕೊಳ್ಳಿ, ಅದು ನಿಜ. ಹಿಂದುಳಿದವರಲ್ಲಿ ಅನುಕೂಲಸ್ಥರನ್ನು ಹೊರಗಿಡುವ ಕೆನೆಪದರದ ನಿಯಮ ಬಂದದ್ದೇ ಅದಕ್ಕೆ, 1992ರ ಇಂದ್ರಾ ಸಾಹ್ನಿ ತೀರ್ಪಿನಿಂದ. ಎಸ್‌ಸಿಯೊಳಗೆ ಮಾದಿಗರು ಮೂವತ್ತು ವರ್ಷ ಒಳಮೀಸಲಾತಿಗೆ, ಅಂದರೆ ಎಸ್‌ಸಿ ಪಾಲನ್ನು ಒಳಗಿನ ಜಾತಿಗಳಿಗೆ ಬೇರೆ ಬೇರೆ ಹಂಚಲು, ಬೀದಿಗಿಳಿದದ್ದೂ ಇದೇ ಕಾರಣಕ್ಕೆ. ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಒಳವರ್ಗೀಕರಣ ಆಗಬಹುದು ಅಂದಿತು, ಮುಂದಿನ ವರ್ಷ ಆಗಸ್ಟಿನಲ್ಲಿ ನಮ್ಮ ಸರ್ಕಾರ ಎಸ್‌ಸಿಯ 17ನ್ನು ಮೂರು ಗುಂಪಿಗೆ 6, 6, 5 ಅಂತ ಹಂಚಲು ತೀರ್ಮಾನಿಸಿತು. ಕೊನೆಯ ಐದರೊಳಗೆ ತಮ್ಮನ್ನೂ ಸೇರಿಸಿದ್ದಕ್ಕೆ ಅಲೆಮಾರಿಗಳು ಬೀದಿಗೆ ಬಂದರು. ಅವರ ಸಿಟ್ಟು ನ್ಯಾಯವಾದದ್ದು ಅಂತ ನನ್ನ ಅಭಿಪ್ರಾಯ. "ಬಡತನ ನೋಡಿ ಕೊಡಲಿ" ಅಂದರೆ, 2019ರಿಂದ ಕೇಂದ್ರದಲ್ಲಿ, ಬೇರೆ ಮೀಸಲಾತಿ ಇಲ್ಲದ ಬಡವರಿಗೆ ಅಂತ ಇಡಬ್ಲ್ಯೂಎಸ್ 10 ಪರ್ಸೆಂಟ್ ಇದೆಯಲ್ಲ ಅನ್ನಿ. ಬಡ ದಲಿತ ಹುಡುಗನಿಗೆ ಅದರಲ್ಲಿ ಜಾಗ ಇಲ್ಲ ಅನ್ನುವುದನ್ನೂ ಸೇರಿಸಿ.

ಎರಡು ಕೆಲಸ ಮಾತ್ರ ಮಾಡಬೇಡಿ. ಎದುರಿಗಿರುವವರ ಜಾತಿ ಕೇಳಬೇಡಿ, ಗೊತ್ತಿದ್ದರೂ ಎತ್ತಬೇಡಿ. ಬಡಿಸುತ್ತಿರುವವರ ಮುಂದೆ "ಅವರು, ಇವರು" ಅಂತ ಮಾತಾಡಬೇಡಿ. ಅವರ ಮಗಳೂ ಅದೇ ಸಿಇಟಿ ಬರೆದಿರಬಹುದು.

ಜಗಳದ ಮೂಲ ಆ ಹುಡುಗನ ರ‍್ಯಾಂಕ್ ತಾನೆ? ಕೈ ತೊಳೆದ ಮೇಲೆ ಅವನ ಪಕ್ಕ ಹೋಗಿ ಕೂತುಕೊಳ್ಳಿ. ಅಪ್ಲಿಕೇಶನ್ನಿನಲ್ಲಿ ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಸರಿಯಾಗಿ ಬಿದ್ದಿದೆಯಾ, ಹೆಸರು ಮಾರ್ಕ್ಸ್ ಕಾರ್ಡಿಗೆ ಹೊಂದುತ್ತಿದೆಯಾ ನೋಡಿ. ಅದು ತಾಳೆಯಾಗದಿದ್ದರೆ ಅವನನ್ನು ಜಿಎಂ ಅಂತಲೇ ಲೆಕ್ಕ ಹಾಕಿಬಿಡುವ ಸಾಧ್ಯತೆ ಇದೆ. ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಗೆ ಐದಾರು ಕಾಲೇಜು ಹಾಕಿ ನಿಲ್ಲಿಸಿದ್ದರೆ ಬೈದು ಇನ್ನೂ ನಲವತ್ತು ಹಾಕಿಸಿ, ನಿಜವಾಗಿ ಇಷ್ಟ ಇರುವ ಕ್ರಮದಲ್ಲಿ. ಮಾಕ್ ಅಲಾಟ್‌ಮೆಂಟ್ (ಪ್ರಯೋಗಕ್ಕೆ ಮಾಡುವ ಸೀಟು ಹಂಚಿಕೆ) ಬಂದ ಮೇಲೆ ಕ್ರಮ ಬದಲಿಸಲು ಟೈಮ್ ಕೊಡುತ್ತಾರೆ, ಆ ದಿನ ಅವನಿಗೆ ಒಂದು ಫೋನ್ ಮಾಡಿ.